ಹಮಾಲಿ ಯಾರ ತಲೆಯ ಮೇಲೆ

ಸವಣೂರಿನ ದೊಡ್ಡ ಹುಣಸೆಮರಗಳ ಹಳೇ ಫೋಟೊ ಲಂಡನ್ನಿನ ಹರಾಜು ಸಂಸ್ಥೆಯೊಂದರಲ್ಲಿ ಕಾಣಿಸಿತು. ರೈತರ ಕಾಳನ್ನು ಸವಾಲಿನಲ್ಲಿ ಮಾರಿಸಿಕೊಡುವ ಶಿಗ್ಗಾಂವದ ನಮ್ಮ ಅಡತಿ ಅಂಗಡಿಯಲ್ಲೇ ಕುಳಿತು ಮೊಬೈಲಿನಲ್ಲಿ ಸವಾಲು ಕೂಗಿ ಗೆದ್ದೆ. ಸವಾಲಿನಲ್ಲೇ ಬೆಳೆದವನಿಗೆ ಅದು ಸುಲಭ. ಕಷ್ಟವಾದದ್ದು ದುಡ್ಡು ಕಳಿಸುವುದು.

ಬ್ಯಾಂಕಿನ ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ಕಳಿಸುವ ಖರ್ಚು ಯಾರದು? ನಮ್ಮಂಗಡಿಯಲ್ಲಿ ಚೀಲ ಹೊರುವ ಕೂಲಿಯನ್ನು, ಅಂದರೆ ಹಮಾಲಿಯನ್ನು, ಮಾಲು ತಂದ ರೈತನ ಹಣದಲ್ಲೇ ಮುರಿಯುವುದು ರೂಢಿ. ಅದೇ ರೂಢಿಯಲ್ಲಿ ‘ಪಡೆಯುವವರದು’ ಎಂಬಲ್ಲಿ ಗುರುತು ಹಾಕಿ, ದುಡ್ಡು ಉಳಿಸಿದೆನೆಂದು ಬೀಗಿದೆ.

ವಾರದ ಮೇಲೆ ಲಂಡನ್ನಿನಿಂದ ಪತ್ರ ಬಂತು. ದಾರಿಯಲ್ಲಿ ಬ್ಯಾಂಕುಗಳು ತಮ್ಮ ಖರ್ಚು ಮುರಿದುಕೊಂಡು ಹದಿನೆಂಟು ಪೌಂಡು ಕಡಿಮೆ ಬಂದಿದೆ, ಪೂರ್ತಿ ಬರುವವರೆಗೆ ಫೋಟೊ ಕಳಿಸುವುದಿಲ್ಲ.

ಬಾಕಿ ಕಳಿಸಲು ಮತ್ತೆ ಬ್ಯಾಂಕಿಗೆ ಹೋದೆ. ಅಂದು ಫಾರ್ಮು ತೆಗೆದುಕೊಂಡಿದ್ದ ಬ್ಯಾಂಕಿನಾಕೆ ತಲೆಯೆತ್ತದೆ ಹೇಳಿದಳು: ‘ಹದಿನೆಂಟು ಪೌಂಡ್ ಕಳಿಸಾಕ ಅದಕ್ಕಿಂತ ಜಾಸ್ತಿ ಚಾರ್ಜ್ ಬೀಳತೈತ್ರಿ.’

‘ಹಮಾಲಿ ಮಾರಿದವರದಲ್ಲೇನ್ರಿ?’ ಎಂದೆ.

‘ಯಾವ ಹಮಾಲಿರಿ?’

ಸಿಟ್ಟು ನೆತ್ತಿಗೇರಿತು. ಆದರೂ ಹದಿನೆಂಟು ಪೌಂಡನ್ನೂ ಅದರ ಚಾರ್ಜನ್ನೂ ಕಟ್ಟಿದೆ. ಇಷ್ಟು ವರ್ಷ ನಾವು ಹಮಾಲಿ ಮುರಿದುಕೊಂಡು ಹಣ ಕೊಟ್ಟಾಗ ಒಬ್ಬ ರೈತನಾದರೂ ಪೂರ್ತಿ ಕೊಡುವವರೆಗೆ ಚೀಲ ಬಿಡುವುದಿಲ್ಲ ಎಂದಿದ್ದರೆ, ನನಗೆ ಈ ಬುದ್ಧಿ ಅಗ್ಗದಲ್ಲೇ ಬರುತ್ತಿತ್ತು.