ಏಳಿ ಅಂದರೆ ಏಳುವುದಲ್ಲ

ಕನ್ನಡ ಮೇಡಂ ಆಗಿ ನಿವೃತ್ತಳಾದ ಮರುವರ್ಷ, ಶ್ರೀರಂಗಪಟ್ಟಣದಲ್ಲಿ ನಡೆದ ವಿದೇಶಿ ಚಿತ್ರವೊಂದಕ್ಕೆ ನಾನು ಡಯಲಾಗ್ ಕೋಚ್ ಆದೆ. ಅಂದರೆ ಕನ್ನಡ ಬಾರದ ನಟನಿಗೆ ಮಾತು ಕಲಿಸಿ, ಚಿತ್ರೀಕರಣದಲ್ಲಿ ಹೆಡ್‌ಫೋನ್ ಹಾಕಿಕೊಂಡು ಉಚ್ಚಾರಣೆ ಕಾಯುವವಳು. ನಾಗಮಂಗಲದವಳಿಗೆ ಉಚ್ಚಾರಣೆಯ ಕೆಲಸವೇ ಎಂದು ನಮ್ಮೂರಿನವರೇ ನಕ್ಕಿದ್ದರು.

ನನ್ನ ಶಿಷ್ಯ ಆರ್ಥರ್, ಎಪ್ಪತ್ತರ ಹತ್ತಿರದ ಇಂಗ್ಲಿಷ್ ನಟ. ಲಂಡನ್ನಿನ ರಂಗದ ಮೇಲೆ ರಾಜ, ನ್ಯಾಯಾಧೀಶರ ಪಾತ್ರ ಮಾಡುತ್ತಲೇ ತಲೆ ನರೆತು, ಸಿನಿಮಾಕ್ಕೆ ತಡವಾಗಿ ಬಂದವರು. ಕಲಿಯುವುದರಲ್ಲಿ ಮಹಾ ಹಟಮಾರಿ. 'ಹೇಳಿ' ಎಂದರೆ ಮಾತಾಡಿ, 'ಏಳಿ' ಎಂದರೆ ಎದ್ದು ನಿಲ್ಲಿ ಎಂದು ನಾನು ಬಿಡಿಸಿ ಕಲಿಸಿದ್ದನ್ನು ಊಟದ ಮಧ್ಯೆಯೂ ಒಪ್ಪಿಸುತ್ತಿದ್ದರು. ಈಜು ಮಾತ್ರ ಬರುತ್ತಿರಲಿಲ್ಲ.

ಆ ದಿನ ಆರ್ಥರ್ ಹರಿಗೋಲಿನಲ್ಲಿ ಕೂತು ಮಾತಾಡುವ ದೃಶ್ಯ. ಹೊಳೆ ತುಂಬಿ ಹರಿಯುತ್ತಿತ್ತು. ವೇಷಕ್ಕೆ ಅಡ್ಡ ಎಂದು ಅವರ ಲೈಫ್ ಜಾಕೆಟ್ ತೆಗೆಸಿದ್ದರು. ನೀರಿನ ಸದ್ದಿನಲ್ಲಿ 'ಆಕ್ಷನ್' ಕೇಳಿಸದು. ದಡದಲ್ಲಿ ಬಾವುಟ ಎತ್ತಿದಾಗ, ಜೊತೆಗಿದ್ದ ಅಂಬಿಗ ಜವರಪ್ಪನೇ ಆರ್ಥರ್‌ಗೆ ಮಾತು ಶುರುಮಾಡಲು ಸೂಚನೆ ಕೊಡಬೇಕೆಂದು ಮಾತಾಗಿತ್ತು.

ಬಾವುಟ ಎತ್ತಿದರು. ಹೆಡ್‌ಫೋನಿನಲ್ಲಿ ಜವರಪ್ಪನ ದನಿ ಕೇಳಿತು: "ಏಳಿ ಸಾ, ಏಳಿ!"

ನಮ್ಮ ಕಡೆ 'ಹ' ನುಂಗುವುದು ಹುಟ್ಟುಗುಣ. ಅವನು ಹೇಳಿದ್ದು 'ಹೇಳಿ' ಎಂದು. ಆರ್ಥರ್ ಒಳ್ಳೆಯ ಶಿಷ್ಯ, ಎದ್ದು ನಿಂತರು.

ಹರಿಗೋಲು ವಾಲಿ ನೀರು ಒಳನುಗ್ಗಿತು. "ಯಾಕ್ ಎದ್ರಿ ಸಾ? ಕುಂತ್ಕಳಿ, ಕುಂತ್ಕಳಿ!" ಎಂದು ಜವರಪ್ಪ ಅರಚುತ್ತಿದ್ದ. ನಾನು ಕಲಿಸಿದ್ದು 'ಕುಳಿತುಕೊಳ್ಳಿ'. ಆರ್ಥರ್ ದಿಕ್ಕುಗಾಣದೆ ದಡದಲ್ಲಿದ್ದ ನನ್ನತ್ತ ನೋಡಿದರು. ಭಯಕ್ಕೆ ನನ್ನ ಬಾಯಿಗೆ ಇಂಗ್ಲಿಷಿನ ಒಂದಕ್ಷರವೂ ಬರಲಿಲ್ಲ. ಸೀರೆಯ ಸಮೇತ ಕೆಸರಿನಲ್ಲಿ ಕುಕ್ಕರಿಸಿದೆ. ಪಾಠದಲ್ಲಿ ನಾನು ಮಾಡಿದ ಹಾಗೆ ಮಾಡುವುದು ಅವರಿಗೆ ರೂಢಿ. ಅವರೂ ಕುಕ್ಕರಿಸಿದರು. ಹರಿಗೋಲು ನಿಧಾನಕ್ಕೆ ಸಮವಾಯಿತು.

ದಡಕ್ಕೆ ಬಂದ ಮೇಲೂ ಜವರಪ್ಪನ ಕೈ ಹುಟ್ಟು ಬಿಡಲಿಲ್ಲ. "ಮಾತು ಏಳಿ ಅಂದೆ ಕಣವ್ವ, ಮ್ಯಾಕೇಳಿ ಅನ್ನಲಿಲ್ಲ. ಮುಳುಗೋಗಿದ್ರೆ ನನ್ ಗತಿ?"

ನಡೆದದ್ದನ್ನು ಆರ್ಥರ್‌ಗೆ ಬಿಡಿಸಿ ಹೇಳಿದೆ. ಅವರು ಕಂಬಳಿಯನ್ನು ಬಿಗಿಯಾಗಿ ಹೊದ್ದುಕೊಂಡರು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿಕೊಂಡರು: ಅವರು ಹುಟ್ಟಿದ ಬೀದಿಯಲ್ಲೂ ಎಲ್ಲರೂ 'ಹ' ನುಂಗುವವರೇ ಅಂತೆ. ನಾಟಕಶಾಲೆಯಲ್ಲಿ ಬೈಸಿಕೊಂಡು ನಾಲಿಗೆ ತಿದ್ದಿಕೊಂಡ ಮೇಲೆಯೇ ರಾಜನ ಪಾತ್ರ ಸಿಕ್ಕಿದ್ದು. "ನನ್ನ ಜಾಗದಲ್ಲಿ ನಮ್ಮಮ್ಮ ಇದ್ದಿದ್ದರೆ, ಆ ಇಲ್ಲದ 'ಹ'ವನ್ನೂ ಕೇಳಿಸಿಕೊಂಡು ಕೂತೇ ಇರುತ್ತಿದ್ದಳು" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಮತ್ತೆ ಟೇಕ್ ಆಗಲೇಬೇಕಿತ್ತು. ಅಂಗಿಯೊಳಗೆ ಜಾಕೆಟ್ ಹಾಕಿಸದೆ ನಾನು ಬಿಡಲಿಲ್ಲ. "ಈ ಸಲ ಬಾಯ್ ಬುಡ್ಬ್ಯಾಡ ಕಣಪ್ಪ, ಅವರ ಮೊಣಕಾಲು ಮುಟ್ಟು ಸಾಕು" ಎಂದೆ ಜವರಪ್ಪನಿಗೆ.

"ಬಾಯೇನವ್ವ, ಉಸ್ರೂ ಬುಡಾಕಿಲ್ಲ" ಎಂದ.

ಅಂದಿನಿಂದ ಯಾವ ನಟ ಬಂದರೂ, ಪಾಠಕ್ಕೆ ಮೊದಲು ಅವರನ್ನು, ದೃಶ್ಯದಲ್ಲಿ ಜೊತೆಗಿರುವವರ ಹತ್ತಿರ ಹರಟೆಗೆ ಕೂರಿಸುತ್ತೇನೆ. ಶುದ್ಧ ಉಚ್ಚಾರಣೆ ಪ್ರೇಕ್ಷಕರಿಗೆ ಬೇಕು. ಪ್ರಾಣ ಉಳಿಯಬೇಕಾದರೆ ಪಕ್ಕದಲ್ಲಿ ಹುಟ್ಟು ಹಿಡಿದವನ ಮಾತು ತಿಳಿಯಬೇಕು.