ಮಡಚದ ಚಾಕು

ಹೊಳಲ್ಕೆರೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಆ ಚಾಕುವನ್ನು ಕೈಗೆತ್ತಿಕೊಂಡಾಗ ಮೊದಲು ಅನಿಸಿದ್ದು, ಇದು ನನ್ನ ಬೆರಳಿಗೆ ಮೋಸ ಮಾಡುವುದಿಲ್ಲ ಎಂದು. ಹಳೆಯದು ಮಡಚುವ ಚಾಕು. ಹಿಂದಿನ ತಿಂಗಳು ಕೇಬಲ್ ಸುಲಿಯುವಾಗ ಅದರ ಅಲಗು ತಟ್ಟನೆ ಮಡಚಿಕೊಂಡು ನನ್ನ ತೋರುಬೆರಳನ್ನು ಮೂಳೆಯವರೆಗೂ ಕಚ್ಚಿತ್ತು. ಹೊಸದರ ಅಲಗು ಹಿಡಿಯ ಕೊನೆಯವರೆಗೂ ಇಳಿದಿತ್ತು. ಮಡಚುವ ಜಾಗವೇ ಇರಲಿಲ್ಲ. ಒರಟು ರಬ್ಬರಿನ ಹಿಡಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಪ್ಲಾಸ್ಟಿಕ್ಕಿನ ಒರೆ. ಮುಂಗೈ ಮೇಲೆ ಆಡಿಸಿದರೆ ಕೂದಲು ಸದ್ದಿಲ್ಲದೆ ಉದುರಿತು.

ನಾನು, ನಮ್ಮಣ್ಣ ಇಬ್ಬರೂ ಬೋರ್‌ವೆಲ್ ಮೋಟರು ಎತ್ತುವ, ಇಳಿಸುವ ಕೆಲಸದವರು. ಚಾಕು ನೋಡಿ ಅಣ್ಣ ನಕ್ಕ. "ಏನ್ಲೇ ಇದು, ಕುರಿ ಕೊಯ್ಯಾಕೆ ಹೊಂಟಿಯೇನು?"

ಮಾರನೆಯ ದಿನ ಶ್ರೀರಾಂಪುರದ ಹತ್ತಿರ ಒಂದು ದಾಳಿಂಬೆ ತೋಟದಲ್ಲಿ ಸುಟ್ಟುಹೋದ ಮೋಟರನ್ನು ಎತ್ತುತ್ತಿದ್ದೆವು. ತೋಟದ ಯಜಮಾನರು ನಮ್ಮಪ್ಪನ ವಯಸ್ಸಿನವರು, ಪಕ್ಕದಲ್ಲೇ ನಿಂತಿದ್ದರು. ಟ್ರ್ಯಾಕ್ಟರು ಪೈಪನ್ನು ಮೇಲಕ್ಕೆಳೆಯುತ್ತಿತ್ತು. ಮೋಟರಿಗೆ ಕಟ್ಟಿದ ನೈಲಾನ್ ಹಗ್ಗವನ್ನು ಬೋರಿನ ಬಾಯಲ್ಲಿ ಕೂತ ಅಣ್ಣ ಎಳೆದುಕೊಳ್ಳುತ್ತಿದ್ದ. ಪೈಪಿನ ಜಾಯಿಂಟು ಫಟ್ಟನೆ ಕಳಚಿತು. ಕೆಳಗಿದ್ದ ಪೈಪು, ಮೋಟರು, ಎಲ್ಲದರ ಭಾರ ಒಮ್ಮೆಲೇ ಹಗ್ಗದ ಮೇಲೆ ಬಿತ್ತು. ಅಣ್ಣ ಹಗ್ಗವನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದ. ಹಾಗೆ ಸುತ್ತಿಕೊಳ್ಳಬಾರದೆಂದು ನನಗೆ ಕಲಿಸಿದವನೇ ಅವನು.

ಹಗ್ಗ ಅವನನ್ನು ಮಕಾಡೆ ಕೆಡವಿತು. ಕೈ ಹೋಗಿ ಬೋರಿನ ಕಬ್ಬಿಣದ ಬಾಯಿಗೆ ಬಡಿದು ಅಲ್ಲೇ ಸಿಕ್ಕಿಕೊಂಡಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಹಗ್ಗ ಬಿಗಿಯುತ್ತಾ ಬಿಗಿಯುತ್ತಾ ಬೆರಳುಗಳು ಕಪ್ಪಾದವು. ಅಣ್ಣ ಕೂಗುತ್ತಿದ್ದುದು ಮನುಷ್ಯರ ದನಿಯಂತಿರಲಿಲ್ಲ.

ನಾನು ಸೊಂಟದ ಒರೆಯಿಂದ ಚಾಕು ಕಿತ್ತುಕೊಂಡು ಓಡಿದೆ. ಯಜಮಾನರು ಹಿಂದಿನಿಂದ ನನ್ನ ಅಂಗಿ ಹಿಡಿದರು.

"ಕೊಯ್ಬ್ಯಾಡ! ಮೋಟ್ರು ಒಳಗೆ ಬಿದ್ರೆ ಬೋರೇ ಹೋತು! ಟ್ರ್ಯಾಕ್ಟರ್‌ಗೆ ಕಟ್ಟಾಣ, ತಡಿ!"

"ಬಿಡ್ರಿ! ಅಣ್ಣನ ಕೈ ಹೋಗ್ತೈತೆ!"

ಮೊಣಕೈಯಿಂದ ಅವರ ಎದೆಗೆ ಗುದ್ದಿದೆ. ಬಿಡಲಿಲ್ಲ. ಕುತ್ತಿಗೆಗೆ ಕೈ ಹಾಕಿದರು. ತಿರುಗಿ ಚಾಕು ಬೀಸಿದೆ. ಅವರ ಮುಂಗೈ ಉದ್ದಕ್ಕೂ ತೆರೆದುಕೊಂಡಿತು; ಮೊದಲು ಬಿಳಿ ಕಂಡಿತು, ಆಮೇಲೆ ರಕ್ತ. ನನ್ನ ಕೈಗೆ ಏನೂ ತಗುಲಿದಂತೆಯೇ ಆಗಲಿಲ್ಲ. ಇವತ್ತಿಗೂ ನನಗೆ ಭಯ ಹುಟ್ಟಿಸುವುದು ಅದೇ. ಅವರು ನೆಲಕ್ಕೆ ಕುಸಿದರು. ಆಗಲಾದರೂ ನಾನು ಅಣ್ಣನ ಕಡೆ ತಿರುಗಬೇಕಿತ್ತು. ತಿರುಗಲಿಲ್ಲ. ಚಾಕು ಎತ್ತಿ ಹಿಡಿದು ಅವರ ಕಡೆಗೇ ಇನ್ನೊಂದು ಹೆಜ್ಜೆ ಇಟ್ಟೆ.

"ಲೇ! ಹಗ್ಗ! ಹಗ್ಗ ಕೊಯ್ಯೋ!" ಅಣ್ಣ ಚೀರಿದ.

ಆಗ ತಿರುಗಿದೆ. ಒಂದೇ ಏಟಿಗೆ ಹಗ್ಗ ಹರಿಯಿತು. ಮೋಟರು ಬೋರಿನ ಗೋಡೆಗೆ ಬಡಿದುಕೊಳ್ಳುತ್ತಾ ಕೆಳಗಿಳಿದ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು.

ಯಜಮಾನರ ಜೀಪಿನಲ್ಲೇ ಎಲ್ಲರೂ ಹೊಸದುರ್ಗದ ಆಸ್ಪತ್ರೆಗೆ ಹೋದೆವು. ಅಣ್ಣನನ್ನು ಅಲ್ಲಿಂದ ಚಿತ್ರದುರ್ಗಕ್ಕೆ ಕಳಿಸಿದರು. ಎರಡು ಬೆರಳು ತೆಗೆದರು, ಕೈ ಉಳಿಯಿತು. ಯಜಮಾನರು ನನ್ನ ಮೇಲೆ ಪೊಲೀಸರಿಗೆ ದೂರು ಬರೆದುಕೊಟ್ಟರು. ಸ್ಟೇಷನ್ನಿನಲ್ಲಿ ಇಡೀ ದಿನ ಕೂತು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನಾಲ್ಕು ದಿನದ ಮೇಲೆ ಅವರೇ ಬಂದು ದೂರು ವಾಪಸು ತೆಗೆದುಕೊಂಡರಂತೆ.

ಯಜಮಾನರ ಹೊಲಿಗೆ ಬಿಚ್ಚಿದ ವಾರ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು.

"ತಪ್ಪಾತ್ರಿ," ಎಂದೆ.

"ಕುಂತ್ಕ. ಹಗ್ಗ ಕೊಯ್ದಿದ್ದು ಸರಿ ಕಣಪ್ಪ, ಅಡ್ಡ ಬಂದಿದ್ದು ನಾನೇ." ಹೆಗಲ ಮೇಲಿನ ಟವೆಲನ್ನು ತೆಗೆದು ತೊಡೆಯ ಮೇಲೆ ಹಾಕಿಕೊಂಡರು. "ಆದ್ರೆ ನಾನು ಕೆಳಗೆ ಬಿದ್ಮ್ಯಾಲೂ ಬಂದ್ಯಲ್ಲ, ಯಾಕೆ?"

ಸಿಟ್ಟು ಬಂದಿತ್ತು ಎಂದೆ. ಅದು ಪೂರ್ತಿ ನಿಜವಲ್ಲವೆಂದು ಹೇಳುವಾಗಲೇ ಗೊತ್ತಾಯಿತು. ಚಾಕು ಅಷ್ಟು ಸಲೀಸಾಗಿ ಇಳಿದಿತ್ತು, ಇನ್ನೊಮ್ಮೆ ಇಳಿಸಬೇಕೆನಿಸಿತ್ತು.

ಅವರ ಹೆಂಡತಿ ನೀರು ತಂದುಕೊಟ್ಟರು. ಲೋಟಕ್ಕೆ ನಾನು ಕೈ ಚಾಚಿದೊಡನೆ ಯಜಮಾನರು ತಮಗೇ ಅರಿವಿಲ್ಲದಂತೆ ಗಾಯದ ಕೈಯನ್ನು ಟವೆಲಿನ ಕೆಳಗೆ ಎಳೆದುಕೊಂಡರು.