ಅರವತ್ತು ಬೈಟಿನ ಸಾಕ್ಷಿ

ಅನ್ವರಿ ಬೇಗಂ ತಲಿ ಕೆಡಿಸ್ಕೊಳ್ಳೂದ್ರಾಗ ಪಳಗಿದ ಹೆಣ್ಣುಮಗಳು. ಬೀದರದಾಗ ಮನಿಗೆ ಬೀಗ ಹಾಕೀನೋ ಇಲ್ಲೋ ಅನ್ನೂ ಅನುಮಾನ ಭಾಲ್ಕಿ ಬಸ್ಸು ಹಲಬರ್ಗಾ ದಾಟೂತನಾ ಆಕಿನ್ನ ಬಿಡ್ತಿದ್ದಿಲ್ಲ. ಆದ್ರ ಭಾಲ್ಕಿಯ ಖಾಸಗಿ ಡಿಪ್ಲೊಮಾ ಕಾಲೇಜಿನ ಲ್ಯಾಬಿನ್ಯಾಗ ಕುಂತು ಸಿ ಭಾಷಾದಾಗ ಪ್ರೋಗ್ರಾಂ ಬರೀಲಿಕ್ಕೆ ಹತ್ತಿದಳಂದ್ರ ಬ್ಯಾರೇನೇ ಮನುಷ್ಯಾಳು. ಹದಿನೇಳು ವರ್ಷ ಅದನ್ನೇ ಕಲಿಸಿದಾಕಿ. ಹುಡುಗರು ತಾಸುಗಟ್ಟಲೆ ಹುಡುಕಿದ ತಪ್ಪನ್ನ ಬೆರಳಿಟ್ಟು ತೋರಿಸ್ತಿದ್ದಳು. ತನ್ನ ಪ್ರೋಗ್ರಾಂನ್ಯಾಗೂ ತಪ್ಪಿರಬಹುದು ಅನ್ನೂದು ಆಕಿಗೆ ಹೊಳೀತಿದ್ದಿಲ್ಲ.

ಆಗಿದ್ದು ಇಷ್ಟು. ಒಳಪರೀಕ್ಷಾದ ಪ್ರಶ್ನಿಪತ್ರಿಕಿ ಒಂದು, ಪರೀಕ್ಷಾದ ಮುಂಚಿನ ದಿನಾನೇ ಹುಡುಗರ ಮೊಬೈಲಿಗೆ ಬಂದುಬಿಟ್ಟಿತ್ತು. ಪ್ರಿನ್ಸಿಪಾಲ ಧಮ್ಮಪಾಲ ಸರ್ ಅನ್ವರಿನ್ನ ಕರೆದು, ಮುಂದಿನ ಪತ್ರಿಕಿ ನಾನೇ ಟೈಪ್ ಮಾಡ್ತೇನಿ, ಅವತ್ತು ಆಫೀಸಿನ ತಂತಿಯೊಳಗ ಏನೇನು ಹರೀತದ ಅಂತ ನೀವು ಕಣ್ಣಿಡ್ರಿ ಅಂದ್ರು. ಕಂಪ್ಯೂಟರುಗಳು ಒಂದಕ್ಕೊಂದು ಕಳಿಸೂದೆಲ್ಲಾ ಸಣ್ಣ ಸಣ್ಣ ಪೊಟ್ಟಣಾಗಿ ಹೋಗ್ತದ. ಪ್ರತಿ ಪೊಟ್ಟಣದ ಮ್ಯಾಲೆ ಮೊದಲು ಯಾರಿಗೆ, ಆಮ್ಯಾಲೆ ಯಾರಿಂದ ಅಂತ ವಿಳಾಸ, ಅದರ ಹಿಂದ ಒಳಗಿನ ಸರಕು. ಅವನ್ನ ಹಿಡಿದು, ಬಿಚ್ಚಿ, ಹಾಳಿ ಮ್ಯಾಲೆ ಛಾಪಿಸೂ ಪ್ರೋಗ್ರಾಂ ಅನ್ವರಿ ಎರಡೇ ದಿನದಾಗ ಬರೆದಳು.

ಪತ್ರಿಕಿ ತಯಾರಾದ ದಿನ ಪ್ರೋಗ್ರಾಂ ಓಡಿಸಿ ಹಾಳಿ ನೋಡಿದಳು. ಒಂದು ಪೊಟ್ಟಣ ಆಫೀಸಿನ ಆಪರೇಟರ್ ಮಂಜಿರಿಯ ಕಂಪ್ಯೂಟರಿಂದ ಹೊಂಟದ, ಒಳಗ ಮೂರನೇ ಪ್ರಶ್ನಿ ಅಕ್ಷರಕ್ಷರ ಅದ. ಯಾರಿಗೆ ಅನ್ನೂ ಜಾಗಾದಾಗ ‘ಎಲ್ಲಾರಿಗೂ’ ಅಂತ ಇತ್ತು. ಅಲ್ಲಾ, ಕದ್ದ ಪ್ರಶ್ನಿನ್ನ ಯಾರರ ಡಂಗುರ ಹೊಡೀತಾರೇನು? ಅನ್ವರಿಗೆ ಒಂದು ಗಳಿಗಿ ತಿಳಿಯಲೇ ಇಲ್ಲ. ಅಲ್ಲೇ ನಿಂತು ವಿಚಾರ ಮಾಡಬೇಕಿತ್ತು, ಮಾಡಲಿಲ್ಲ. ಹಾಳಿ ತಗೊಂಡು ಹೋಗಿ ಸ್ಟಾಫ್ ರೂಮಿನ್ಯಾಗ ಎಲ್ಲಾರ ಮುಂದ ಟೇಬಲ್ ಮ್ಯಾಲೆ ಇಟ್ಟಳು.

ಮಂಜಿರಿ ದಿನಾ ಔರಾದದಿಂದ ಬಸ್ಸಿಗೆ ಬರಾಕಿ, ಎಂಟು ವರ್ಷದ ನೌಕರಿ. ಹಾಳಿನ್ನ ತಿರುಗಿಸಿ ಮುರುಗಿಸಿ ನೋಡಿದಳು. ಆ ಅಂಕಿ ಅಕ್ಷರದಾಗ ಒಂದೂ ಆಕಿಗೆ ತಿಳೀಲಿಲ್ಲ. ನಾ ಏನೂ ಕಳಿಸಿಲ್ಲರಿ ಅಂತ ಎರಡು ಸಲ ಅಂದಳು, ಯಾರೂ ಕಿವ್ಯಾಗ ಹಾಕ್ಕೊಳ್ಳಲಿಲ್ಲ. ಅವತ್ತೇ ಆಕಿನ್ನ ಕೆಲಸದಿಂದ ತೆಗೆದ್ರು.

‘ಎಲ್ಲಾರಿಗೂ’ ಅನ್ನೂದು ಮಾತ್ರ ಅನ್ವರಿಯ ತಲ್ಯಾಗ ಕೊರೀತಾನೇ ಇತ್ತು. ಮೂರು ದಿನ ತಡೆದಳು. ನಾಲ್ಕನೇ ದಿನ ಪ್ರೋಗ್ರಾಂ ಮತ್ತ ಓಡಿಸಿದಳು. ಅವತ್ತು ಧಮ್ಮಪಾಲ ಸರ್ ಕುಡಿಯೂ ನೀರಿನ ಸಲುವಾಗಿ ಪುರಸಭೆಗೆ ಒಂದು ಅರ್ಜಿ ಪ್ರಿಂಟ್ ಹಾಕಿದ್ರು. ಹಾಳ್ಯಾಗ ನೋಡಿದ್ರ ಆ ಅರ್ಜಿ ಬಾಗಲದಾಗಿನ ಹಾಜರಿ ಡಬ್ಬಿ ಕಳಿಸಿದಂಗ ಬಂದದ. ಬೆರಳು ಒತ್ತಿದ್ರ ಹಾಜರಿ ಹಾಕ್ಕೊಳ್ಳೂದು ಬಿಟ್ಟು ಮತ್ತೇನೂ ಅರೀದ ಡಬ್ಬಿ ಅದು. ಅದು ನೀರು ಬೇಕಂತ ಅರ್ಜಿ ಬರೀತದೇನು? ಡಬ್ಬಿ ಕೆಟ್ಟದೋ, ತಂತಿ ಕೆಟ್ಟದೋ, ತನಗೇ ಹುಚ್ಚು ಹಿಡಿದದೋ ಆಕಿಗೆ ಒಂದೂ ತಿಳೀವಲ್ದು. ತಂತಿ ಕಿತ್ತಳು, ಮತ್ತ ಚುಚ್ಚಿದಳು. ಡಬ್ಬಿಗೆ ತನ್ನ ಬೆರಳೂ ಒತ್ತಿ ನೋಡಿದಳು. ಈ ಸಲಾನೂ ನೀರಿನ ಅರ್ಜಿನೇ ಬಂತು.

ಕಡೀಗೆ ತಾನು ಬರೆದ ಸಾಲುಗಳನ್ನ, ಹುಡುಗರ ಜರ್ನಲ್ ತಿದ್ದೂ ಹಂಗ, ಒಂದೊಂದಾಗಿ ಓದಿದಳು. ಹಿಡಿದ ಪೊಟ್ಟಣ ಇಡಲಿಕ್ಕೆ ಎರಡು ಸಾವಿರ ಬೈಟಿನ ಜಾಗಾ ಮಾಡಿದ್ದಳು. ಡಬ್ಬಿ ಕಳಿಸಿದ್ದು ಬರೇ ಅರವತ್ತು. ಬಂದಷ್ಟೇ ಛಾಪಿಸು ಅಂತ ಹೇಳೂದು ಬಿಟ್ಟು, ಇದ್ದ ಜಾಗಾ ಪೂರಾ ಛಾಪಿಸು ಅಂತ ಬರೆದಿದ್ದಳು. ನಿನ್ನಿನ ಪಾಠ ಒರೆಸದೇ ಬೋರ್ಡಿನ ಮೂಲ್ಯಾಗ ಇವತ್ತಿನ ತಾರೀಖು ಬರೆದಂಗ ಆಗಿತ್ತು. ಮ್ಯಾಲೆ ಡಬ್ಬಿಯ ವಿಳಾಸ, ಕೆಳಗ ಅದಕ್ಕಿಂತ ಮೊದಲು ಬಂದವರ ಸರಕು. ಅಂದ್ರ ಮೂರನೇ ಪ್ರಶ್ನಿ ಧಮ್ಮಪಾಲ ಸರ್ ಕಂಪ್ಯೂಟರಿಂದ ಪ್ರಿಂಟರಿಗೆ ಹೋಗಿದ್ದು. ಅದರ ಬೆನ್ನಿಗೆ ಬಂದ ಮಂಜಿರಿಯ ಅರವತ್ತೇ ಬೈಟಿನ ಪೊಟ್ಟಣ ಪ್ರಿಂಟರ್ ಎಲ್ಲಿ ಅದ ಅಂತ ಎಲ್ಲಾರಿಗೂ ಕೇಳಿತ್ತು, ಅಷ್ಟೇ. ಅನ್ವರಿ ಎದ್ದು ಹೋಗಿ ಪ್ರಿನ್ಸಿಪಾಲರಿಗೆ ಎಲ್ಲಾ ಹೇಳಿದಳು.

ಧಮ್ಮಪಾಲ ಸರ್ ಕೇಳಿ, ವೈರಸ್ ಬಂದಿತ್ತಂತ ಹೇಳಿ ಮಂಜಿರಿನ್ನ ವಾಪಸ್ ಕರಸೂಣು ಬಿಡ್ರಿ ಅಂದ್ರು. ಹೌದಲ್ಲ, ಇದೇ ಛಲೋ ಅಂತ ಅನ್ವರಿಗೂ ಅನಿಸ್ತು. ಖರೆ ಹೇಳಬೇಕಂದ್ರ ಔರಾದದ ಬಸ್ಸಿನ್ಯಾಗ ಕುಂತಾಗೂ ಏನು ಹೇಳಬೇಕು ಅನ್ನೂದು ಆಕಿಗೆ ಗಟ್ಟಿ ಇದ್ದಿಲ್ಲ. ಮಂಜಿರಿಯ ಮನ್ಯಾಗ ಕುಂತು, ನೀರು ಕುಡಿದು, ವೈರಸ್ಸಿನ ಮಾತು ಬಾಯಿತನಾ ತಂದು, ನುಂಗಿದಳು. ತಪ್ಪು ನಂದೇ ಅಂತ ಎಲ್ಲಾ ಬಿಡಿಸಿ ಹೇಳಿದಳು.

ಎಲ್ಲಾ ಕೇಳಿದ ಮಂಜಿರಿ, “ಹಾಳಿ ಓದಿದ್ರಿ, ಖರೆ. ನನ್ನ ಒಂದು ಮಾತು ಕೇಳಿದ್ರೇನ್ರಿ ಮೇಡಂ?” ಅಂದಳು.

ತಪ್ಪು ನಂದು ಅಂತ ನೀವು ಅದೇ ಸ್ಟಾಫ್ ರೂಮಿನ್ಯಾಗ, ಅಷ್ಟೇ ಮಂದಿ ಮುಂದ ಹೇಳಿದ್ರ ಮಾತ್ರ ಬರ್ತೇನಿ ಅಂತ ಮಂಜಿರಿ ಷರತ್ತು ಹಾಕಿದಳು. ಸೋಮವಾರ ಅನ್ವರಿ ಹೇಳಿದಳು. ಅರ್ಧ ಮಂದಿಗೆ ಬೈಟಿನ ಲೆಕ್ಕ ತಲಿಗೆ ಹೋಗಲಿಲ್ಲ, ತಪ್ಪು ಯಾರದು ಅನ್ನೂದು ಮಾತ್ರ ಎಲ್ಲಾರಿಗೂ ತಿಳೀತು. ಮೊದಲಿನ ಪತ್ರಿಕಿ ಹ್ಯಾಂಗ ಹೊರಗ ಬಿತ್ತು ಅನ್ನೂದು ಇವತ್ತಿಗೂ ಗೊತ್ತಾಗಿಲ್ಲ.

ಮಂಜಿರಿ ತನ್ನ ಕುರ್ಚಿಗೆ ಬಂದು ಕುಂತಳು. ಮರುದಿನ ಊಟದ ಹೊತ್ತಿಗೆ, ತನ್ನ ಕೆಲಸ ಕಳೆದಿದ್ದ ಆ ಹಾಳಿ ಹಿಡ್ಕೊಂಡು ಲ್ಯಾಬಿನ ಬಾಗಲದಾಗ ನಿಂತಿದ್ದಳು. ಮಾಫಿ ಸಿಕ್ಕಿತೇನೋ ಅಂತ ಅನ್ವರಿ ಎದ್ದು ನಿಂತಳು.

“ಇದನ್ನ ಓದೂದು ನನಗ ಕಲಸ್ರಿ,” ಅಂದಳು ಮಂಜಿರಿ. “ಇನ್ನೊಮ್ಮಿ ನನ್ನ ಹೆಸರಿಂದು ಬಂದ್ರ ನಾನೇ ಓದ್ಕೊಳ್ತೇನಿ. ನಿಮ್ಮನ್ನ ನಂಬಿ ಕೂಡಂಗಿಲ್ಲರಿ.”

ಅನ್ವರಿ ಬಾಜೂಕ ಒಂದು ಕುರ್ಚಿ ಎಳೆದು ಹಾಕಿದಳು.